ನಿಮ್ಮ ಕೆಲಸ ನೋಡಿದವರು ಯಾರ್ಯಾರು?

ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಕೊನೆ ವರ್ಷದವರು ರೆಸ್ಯೂಮ್ ಹಿಡಿದು ಬಂದಾಗ ನಾನು ಮೊದಲು ಕೇಳುವುದು ಅಂಕಗಳನ್ನಲ್ಲ. "ನೀವು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದವರು ಯಾರ್ಯಾರು? ಹೆಸರು ಹೇಳಿ" ಅಂತೀನಿ. ಬಹಳ ಜನ ತಡವರಿಸುತ್ತಾರೆ. ಸರ್ಟಿಫಿಕೇಟ್ ಇರುತ್ತವೆ, ಕೋರ್ಸ್‌ಗಳ ಪಟ್ಟಿ ಇರುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ.

ಓದುವ ಕೋರ್ಸ್, ಇಂಟರ್ನ್‌ಶಿಪ್, ಹಳೆ ವಿದ್ಯಾರ್ಥಿಗಳ ಸಂಪರ್ಕ ಈ ಮೂರನ್ನೂ ನಾನು ಇದೇ ಕಣ್ಣಿನಿಂದ ನೋಡುತ್ತೇನೆ. ಕೆಲಸ ಕೊಡುವವರಿಗೆ ನಿಮ್ಮ ಪರಿಚಯ ಇರುವುದಿಲ್ಲ. ನಿಮ್ಮ ಕೆಲಸ ನೋಡಿದ ಯಾರಾದರೂ "ಇವರು ಹೇಳಿದ್ದನ್ನು ಮಾಡಿ ಮುಗಿಸುತ್ತಾರೆ" ಎಂದರೆ ಅವರಿಗೆ ಧೈರ್ಯ ಬರುತ್ತದೆ. ಅಂಥವರನ್ನು ಓದುವಾಗಲೇ ಸಂಪಾದಿಸಿಕೊಳ್ಳಬಹುದು. ಅದಕ್ಕೆ ದೊಡ್ಡ ಮನೆತನ ಬೇಕಿಲ್ಲ, ಮಾತಿನ ಮಲ್ಲರೂ ಆಗಬೇಕಿಲ್ಲ. ಹೇಗೆ ಅಂತ ಹೇಳ್ತೀನಿ.

ಕೋರ್ಸ್‌ನಿಂದ ಶುರು

ಮೊದಲು ಕಾಲೇಜಿನ ಹೆಸರಿನ ಚಿಂತೆ ಸ್ವಲ್ಪ ಇಳಿಸೋಣ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಅಮೆರಿಕದ ಪದವೀಧರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಥರದ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ಥರದ ಕಾಲೇಜುಗಳಲ್ಲಿ ಸೀಟು ಸಿಕ್ಕಿದವರನ್ನು ಅವರು ಹೋಲಿಸಿದರು. ಹೆಚ್ಚು ಪೈಪೋಟಿಯ ಕಾಲೇಜಿಗೆ ಸೇರಿದವರಿಗೂ ಅದನ್ನು ಬಿಟ್ಟು ಬೇರೆ ಕಡೆ ಓದಿದವರಿಗೂ ಮುಂದೆ ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡ ಕುಟುಂಬಗಳಿಂದ ಬಂದವರಿಗೆ ದೊಡ್ಡ ಕಾಲೇಜಿನಿಂದ ಲಾಭ ಆಗಿತ್ತು. ಇದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಮನೆಯಲ್ಲೇ ಸಂಪರ್ಕ ಇರುವವರಿಗೆ ಕಾಲೇಜು ಹೊಸದಾಗಿ ಕೊಡುವುದು ಕಡಿಮೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಅಲ್ಲಿನ ಪ್ರತಿ ಪರಿಚಯವೂ ಹೊಸದೇ. ಹಾಗಾಗಿ ಈ ಬರಹ ಮುಖ್ಯವಾಗಿ ಅವರಿಗೆ.

ಎಲೆಕ್ಟಿವ್ ಆರಿಸುವಾಗ ಬಹಳಷ್ಟು ಜನ "ಸುಲಭವಾ, ಅಂಕ ಧಾರಾಳವಾಗಿ ಹಾಕ್ತಾರಾ" ಅಂತ ಸೀನಿಯರ್‌ಗಳನ್ನು ಕೇಳುತ್ತಾರೆ. ನೀವು ಸಿಲಬಸ್‌ನಲ್ಲಿ ಅಂಕ ಹಂಚಿರುವ ಭಾಗ ತೆಗೆದು ನೋಡಿ. ಎಲ್ಲ ಅಂಕವೂ ಕೊನೆಯ ಪರೀಕ್ಷೆಗೇ ಇದ್ದರೆ ಆ ವಿಷಯದಲ್ಲಿ ನಿಮ್ಮ ಕೆಲಸವನ್ನು ಯಾರೂ ಕೂತು ನೋಡುವುದಿಲ್ಲ. ಉತ್ತರ ಪತ್ರಿಕೆ ಮೇಲೆ ನಿಮ್ಮ ಹೆಸರು ಕೂಡ ಇರುವುದಿಲ್ಲ, ಅಲ್ವಾ? ಪ್ರಾಜೆಕ್ಟ್, ವರದಿ, ಲ್ಯಾಬ್ ಕೆಲಸ, ತರಗತಿಯ ಮುಂದೆ ನಿಂತು ಮಂಡಿಸುವುದು ಇವಕ್ಕೆ ಅಂಕ ಇದ್ದರೆ ಒಬ್ಬ ಅಧ್ಯಾಪಕರಾದರೂ ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡುತ್ತಾರೆ. ವರ್ಷಕ್ಕೆ ಅಂಥದ್ದು ಒಂದಾದರೂ ಇರಲಿ. ತರಗತಿ ಚಿಕ್ಕದಿದ್ದಷ್ಟೂ ಒಳ್ಳೆಯದು.

ಅಧ್ಯಾಪಕರ ಬಳಿ ಹೋಗುವಾಗ "ಸರ್, ಅರ್ಥ ಆಗಲಿಲ್ಲ" ಎಂದರೆ ಅವರಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ಬಿಡಿಸಲು ಯತ್ನಿಸಿದ ಹಾಳೆ ಕೈಯಲ್ಲಿರಲಿ. "ಮೂರನೇ ಸಾಲಿನವರೆಗೆ ಬಂದೆ, ಇಲ್ಲಿಂದ ಮುಂದೆ ಈ ಚಿಹ್ನೆ ಯಾಕೆ ಬದಲಾಯಿತು?" ಅಂತ ಕೇಳಿ. ಅಷ್ಟು ಸಾಕು, ನಿಮ್ಮ ಮುಖ ನೆನಪಿನಲ್ಲಿ ಉಳಿಯುತ್ತದೆ.

ಕೊನೆ ವರ್ಷದ ಪ್ರಾಜೆಕ್ಟ್ ಬಗ್ಗೆ ಒಂದು ಮಾತು. ವಿಷಯ ಚಿಕ್ಕದಿದ್ದರೂ ಪರವಾಗಿಲ್ಲ, ಪೂರ್ತಿ ಮುಗಿಯುವಂಥದ್ದಾಗಿರಲಿ. ನಿಮ್ಮನ್ನು ಕಂಡೇ ಇರದ ಒಬ್ಬರು ಮೊದಲ ಪುಟ ಓದಿದರೆ ಏನು ಪ್ರಶ್ನೆ, ಏನು ಮಾಡಿದಿರಿ, ಏನು ಸಿಕ್ಕಿತು ಎಂಬುದು ತಿಳಿಯಬೇಕು. ಗುಂಪಿನ ಪ್ರಾಜೆಕ್ಟ್ ಆದರೆ ನಿಮ್ಮ ಪಾಲು ಯಾವುದು ಎಂದು ಬರೆದಿಡಿ. ಸಂದರ್ಶನದಲ್ಲಿ "ನಾವು ಮಾಡಿದೆವು" ಎಂದು ಹತ್ತು ಸಲ ಹೇಳಿದರೆ, ಎದುರಿಗಿರುವವರು ಹನ್ನೊಂದನೇ ಸಲ "ನೀವೇನು ಮಾಡಿದಿರಿ?" ಅಂತ ಕೇಳೇ ಕೇಳುತ್ತಾರೆ.

ಇಂಟರ್ನ್‌ಶಿಪ್: ಹೋಗುವ ಮೊದಲು

ಓದಿನ ನಡುವೆಯೇ ಕೆಲಸದ ಜಾಗಕ್ಕೆ ಕಳಿಸುವ ಏರ್ಪಾಡು ಹೊಸದೇನಲ್ಲ. ಹರ್ಮನ್ ಶ್ನೈಡರ್ ಎಂಬ ಎಂಜಿನಿಯರಿಂಗ್ ಅಧ್ಯಾಪಕರು 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 27 ವಿದ್ಯಾರ್ಥಿಗಳೊಂದಿಗೆ ಇದನ್ನು ಶುರು ಮಾಡಿದರು. ಒಂದು ವಾರ ತರಗತಿ, ಒಂದು ವಾರ ಕಾರ್ಖಾನೆ. ಕೆಲವು ವಿಷಯಗಳನ್ನು ತರಗತಿಯಲ್ಲಿ ಕಲಿಸಲು ಆಗುವುದಿಲ್ಲ, ಕೆಲಸದ ಜಾಗದಲ್ಲೇ ಕಲಿಯಬೇಕು ಎಂಬುದು ಅವರ ನಂಬಿಕೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯವಂತೂ 1957ರಲ್ಲಿ ಇದೇ ಪದ್ಧತಿಯನ್ನು ಬುನಾದಿಯಾಗಿಟ್ಟುಕೊಂಡು ಹುಟ್ಟಿತು. ಅಲ್ಲಿ ಈಗ ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಕೆಲಸ ಎಂದು ಸರದಿಯಲ್ಲಿ ನಡೆಯುತ್ತದೆ. ಈ ಸರದಿ ನನಗೆ ಬಹಳ ಇಷ್ಟ. ಕೆಲಸದಲ್ಲಿ ಎದ್ದ ಪ್ರಶ್ನೆ ಹೊತ್ತು ತರಗತಿಗೆ ಮರಳಿದವರು ಪಾಠ ಕೇಳುವ ರೀತಿಯೇ ಬೇರೆ ಇರುತ್ತದೆ.

ನಿಮ್ಮ ಕೋರ್ಸ್‌ನಲ್ಲಿ ಇಂಥ ಏರ್ಪಾಡು ಇಲ್ಲದಿದ್ದರೂ ರಜೆಯ ಇಂಟರ್ನ್‌ಶಿಪ್‌ನಿಂದ ಬಹಳಷ್ಟು ಪಡೆಯಬಹುದು. ಒಪ್ಪಿಕೊಳ್ಳುವ ಮೊದಲು ಮೂರು ವಿಷಯ ಕೇಳಿ. ನನ್ನ ಕೆಲಸ ನೋಡಿಕೊಳ್ಳುವವರು ಯಾರು? ಅವರನ್ನು ವಾರಕ್ಕೆ ಎಷ್ಟು ಸಲ ಭೇಟಿ ಮಾಡಬಹುದು? ಕೊನೆಗೆ ನಾನು ಒಪ್ಪಿಸಬೇಕಾದ್ದು ಏನು? ದೊಡ್ಡ ಹೆಸರಿನ ಸಂಸ್ಥೆಯಾದರೂ ಮೊದಲ ಪ್ರಶ್ನೆಗೇ ಉತ್ತರ ಇಲ್ಲದಿದ್ದರೆ ಯೋಚನೆ ಮಾಡಿ. ಹೇಳಿಕೊಡುವವರು ಒಬ್ಬರಾದರೂ ಇರುವ ಚಿಕ್ಕ ಜಾಗವನ್ನೇ ನಾನು ಆರಿಸಿ ಅನ್ನುತ್ತೇನೆ. ಲೋಗೋ ರೆಸ್ಯೂಮ್‌ನಲ್ಲಿ ಒಂದು ಸಾಲು ತುಂಬಬಹುದು. ಆ ಸಾಲಿನ ಬಗ್ಗೆ ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಬೇಕಾದವರು ನೀವು.

ಸಂಬಳವಿಲ್ಲದ ಇಂಟರ್ನ್‌ಶಿಪ್ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗೇ ಮಾತಾಡುತ್ತೇನೆ. ಅಮೆರಿಕದಲ್ಲಿ ಸಿನಿಮಾ ತಯಾರಿಕೆಯಲ್ಲಿ ಸಂಬಳವಿಲ್ಲದೆ ದುಡಿದ ಇಂಟರ್ನ್‌ಗಳು ಕೇಸು ಹಾಕಿದ್ದರು. 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಎತ್ತಿದ ಮುಖ್ಯ ಪ್ರಶ್ನೆ ಇದು: ಈ ಸಂಬಂಧದಿಂದ ಹೆಚ್ಚು ಲಾಭ ಯಾರಿಗೆ, ಕಲಿಯುವವರಿಗಾ, ಸಂಸ್ಥೆಗಾ? ಕಾನೂನು ದೇಶದಿಂದ ದೇಶಕ್ಕೆ ಬೇರೆ. ಈ ಪ್ರಶ್ನೆಯನ್ನು ಮಾತ್ರ ನೀವೂ ಕೇಳಿಕೊಳ್ಳಬಹುದು. ದಿನವಿಡೀ ಫೈಲ್ ಜೋಡಿಸಿ, ಹೇಳಿಕೊಡುವವರೂ ಇಲ್ಲ, ಸ್ಟೈಪೆಂಡೂ ಇಲ್ಲ ಎಂದರೆ ಆ ಜಾಗ ಬಿಡಿ. ಇಂಟರ್ನ್‌ಶಿಪ್ ಕೊಡಲು ನಿಮ್ಮಿಂದಲೇ ದುಡ್ಡು ಕೇಳುವವರ ಹತ್ತಿರವಂತೂ ಹೋಗಲೇಬೇಡಿ. ಖರ್ಚು ತೂಗಿಸಲಾಗದೆ ಇಂಟರ್ನ್‌ಶಿಪ್ ಬಿಡಬೇಕಾದ ಸ್ಥಿತಿ ಇದ್ದರೆ ವಿಭಾಗದಲ್ಲಿ ಬಾಯಿಬಿಟ್ಟು ಹೇಳಿ. ಅಧ್ಯಾಪಕರ ಸಂಶೋಧನಾ ಯೋಜನೆಯಲ್ಲಿ ಸಹಾಯಕರ ಕೆಲಸ, ಕ್ಯಾಂಪಸ್ ಒಳಗಿನ ಲ್ಯಾಬ್ ಅಥವಾ ಲೈಬ್ರರಿ ಕೆಲಸಗಳೂ ಲೆಕ್ಕಕ್ಕೆ ಬರುತ್ತವೆ. ಸಂಸಾರಕ್ಕೆ ನೆರವಾಗಲು ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರೆ ಅದನ್ನೂ ರೆಸ್ಯೂಮ್‌ನಲ್ಲಿ ಹಾಕಿ. ಅದು ಜವಾಬ್ದಾರಿಯ ಕೆಲಸ. ಅದನ್ನು ಮುಚ್ಚಿಡುವ ಮಕ್ಕಳನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ಒಳಗೆ ಹೋದ ಮೇಲೆ

ಮೊದಲ ವಾರ ನಿಮಗೆ ಸರಿಯಾದ ಕೆಲಸ ಸಿಗದೇ ಇರಬಹುದು. ಎಲ್ಲರೂ ಬಿಜಿ, ಯಾರನ್ನು ಕೇಳಬೇಕೋ ಗೊತ್ತಿಲ್ಲ, ಕಂಪ್ಯೂಟರ್‌ಗೆ ಪಾಸ್‌ವರ್ಡೇ ಬಂದಿಲ್ಲ. ಸುಮ್ನೆ ಫೋನ್ ನೋಡುತ್ತಾ ಕೂರಬೇಡಿ. ಆ ಜಾಗದಲ್ಲಿ ಒಂದು ಕೆಲಸ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕೆಲಸ ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರು ಸಹಿ ಹಾಕುತ್ತಾರೆ. ಆಮೇಲೆ ಮೇಲ್ವಿಚಾರಕರಿಗೆ ತೋರಿಸಿ "ಇದು ಸರಿಯಾಗಿದೆಯಾ?" ಅಂತ ಕೇಳಿ. ಅವರು ತಿದ್ದುತ್ತಾರೆ. ತಿದ್ದುವಾಗಲೇ ಮಾತು ಶುರುವಾಗುತ್ತದೆ.

ದಿನಚರಿ ಪುಸ್ತಕ ಇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. "ಇಂದು ಬಹಳಷ್ಟು ಕಲಿತೆ" ಎಂದು ಬರೆದ ಪುಟ ಯಾವ ಉಪಯೋಗಕ್ಕೂ ಬರುವುದಿಲ್ಲ. ಹೇಗಿರಬೇಕು ಎಂಬುದಕ್ಕೆ ಒಬ್ಬ ರಸಾಯನಶಾಸ್ತ್ರ ವಿದ್ಯಾರ್ಥಿನಿಯ ಪುಸ್ತಕ ನೆನಪಾಗುತ್ತದೆ. ನೀರು ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಇಂಟರ್ನ್ ಆಗಿದ್ದಳು. ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಅಳೆಯುವ ಪಿಎಚ್ ಮೀಟರನ್ನು ಪ್ರತಿ ಬೆಳಿಗ್ಗೆ 4, 7, 10ರ ಬಫರ್ ದ್ರಾವಣಗಳಲ್ಲಿ, ಅಂದರೆ ಪಿಎಚ್ ಎಷ್ಟೆಂದು ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ, ಅದ್ದಿ ಸರಿಪಡಿಸುವುದು ಅವಳ ಕೆಲಸ. ಯಾರಿಗೂ ಬೇಡವಾದ, ಬೇಸರದ ಕೆಲಸ. ಅವಳು ಪುಸ್ತಕದಲ್ಲಿ ದಿನಾ ಮೂರು ಅಂಕಿಗಳ ಜತೆಗೆ ಬಾಟಲಿ ತೆರೆದ ತಾರೀಖನ್ನೂ ಬರೆಯುತ್ತಾ ಹೋದಳು. ಕೆಲವು ದಿನ ಕಳೆದ ಮೇಲೆ ಪುಟ ತಿರುವಿ ನೋಡಿದರೆ 4 ಮತ್ತು 7ರ ಅಂಕಿ ನಿಂತಲ್ಲೇ ನಿಂತಿವೆ, 10ರದ್ದು ಮಾತ್ರ ಸ್ವಲ್ಪಸ್ವಲ್ಪವೇ ಕೆಳಗಿಳಿದಿದೆ. ಮೀಟರ್ ಕೆಟ್ಟಿದ್ದರೆ ಮೂರೂ ಏರುಪೇರಾಗಬೇಕಿತ್ತಲ್ಲ? ಹೊಸ ಬಾಟಲಿ ತೆರೆದು ನೋಡಿದಳು, ಅಂಕಿ ಸರಿಹೋಯಿತು. 10ರ ಬಫರ್ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಇಳಿಯುತ್ತದೆ. ಪಠ್ಯದಲ್ಲಿ ಅವಳು ಅದನ್ನು ಓದಿಯೂ ಇದ್ದಳು. ಆ ಪುಟವನ್ನು ಮೇಲ್ವಿಚಾರಕರ ಮುಂದಿಟ್ಟಳು. ಅಂದಿನಿಂದ ಅಲ್ಲಿ ಬಾಟಲಿಗಳ ಮೇಲೆ ತೆರೆದ ತಾರೀಖು ಬರೆಯುವುದು ರೂಢಿಯಾಯಿತು.

ಅವಳು ಹೊಸದೇನೂ ಕಂಡುಹಿಡಿಯಲಿಲ್ಲ. ಆದರೆ ಆ ಮೇಲ್ವಿಚಾರಕರಿಗೆ ಅವಳ ಬಗ್ಗೆ ಹೇಳಲು ಒಂದು ಸಂಗತಿ ಸಿಕ್ಕಿತು. ಮುಂದೆ ಶಿಫಾರಸು ಪತ್ರದಲ್ಲಿ ಅವರು ಬರೆದದ್ದೂ ಇದನ್ನೇ. "ಶ್ರಮಜೀವಿ, ಪ್ರಾಮಾಣಿಕಳು" ಎಂಬ ಪದಗಳು ಎಲ್ಲರ ಪತ್ರದಲ್ಲೂ ಇರುತ್ತವೆ. ಬಫರ್ ಬಾಟಲಿಯ ಕತೆ ಇವಳೊಬ್ಬಳ ಪತ್ರದಲ್ಲೇ ಇತ್ತು.

ಸಿಕ್ಕಿಬಿದ್ದಾಗ ಕೇಳಲು ನಾಚಬೇಡಿ. ಅರ್ಧ ಗಂಟೆ ನೀವೇ ಯತ್ನಿಸಿ. ಆಗದಿದ್ದರೆ ಹೋಗಿ "ಇದನ್ನು ಮಾಡಬೇಕಿತ್ತು, ಹೀಗೆ ಮಾಡಿ ನೋಡಿದೆ, ಇಲ್ಲಿ ನಿಂತಿದೆ" ಎಂದು ಮೂರು ಮಾತಲ್ಲಿ ಹೇಳಿ. ಇಡೀ ದಿನ ಒಳಗೊಳಗೇ ಒದ್ದಾಡಿ ಸಂಜೆ "ಆಗಲಿಲ್ಲ" ಎಂದರೆ ಅವರ ದಿನವೂ ಹೋಯಿತು, ನಿಮ್ಮದೂ ಹೋಯಿತು.

ಅವಧಿಯ ನಡುಮಧ್ಯದಲ್ಲಿ ಒಂದು ಸಲ "ನನ್ನ ಕೆಲಸದಲ್ಲಿ ಯಾವುದನ್ನು ಬದಲಾಯಿಸಿಕೊಳ್ಳಬೇಕು?" ಅಂತ ಕೇಳಿ. "ಹೇಗಿದೆ ನನ್ನ ಕೆಲಸ?" ಅಂದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಬದಲಾಯಿಸಿಕೊಳ್ಳಬೇಕಾದ್ದನ್ನು ಕೇಳಿದರೆ ಅವರು ಯೋಚಿಸಿ ಹೇಳುತ್ತಾರೆ. ಕೊನೆಯಲ್ಲಿ ಕೇಳಿದರೆ ತಿದ್ದಿಕೊಳ್ಳಲು ದಿನಗಳೇ ಉಳಿದಿರುವುದಿಲ್ಲ.

ಕೊನೆಯ ವಾರ ನಿಮ್ಮ ಜಾಗಕ್ಕೆ ಮುಂದೆ ಬರುವವರಿಗಾಗಿ ಎರಡು ಪುಟ ಬರೆದಿಡಿ. ಫೈಲ್ ಎಲ್ಲಿದೆ, ಯಾವುದು ಅರ್ಧಕ್ಕೆ ನಿಂತಿದೆ, ಯಾರನ್ನು ಕೇಳಬೇಕು. ಇದನ್ನು ಮಾಡುವವರು ಕಡಿಮೆ. ಮಾಡಿದವರನ್ನು ಆ ಸಂಸ್ಥೆಯವರು ಮರೆಯುವುದಿಲ್ಲ. ಹೊರಡುವ ಮೊದಲು ಇನ್ನೊಂದು ವಿಷಯ ಕೇಳಿಕೊಳ್ಳಿ: ಇಲ್ಲಿ ಮಾಡಿದ ಕೆಲಸದಲ್ಲಿ ಯಾವುದನ್ನು ಹೊರಗೆ ತೋರಿಸಬಹುದು, ಯಾವುದನ್ನು ತೋರಿಸಬಾರದು? ಸಂಸ್ಥೆಯ ಡೇಟಾ, ಗ್ರಾಹಕರ ಹೆಸರು ನಿಮ್ಮ ರೆಸ್ಯೂಮ್‌ಗೆ ಬರಲೇಬಾರದು.

ಇಂಟರ್ನ್‌ಶಿಪ್ ಮಾಡಿದ ಮೇಲೆ "ಈ ಕೆಲಸ ನನಗೆ ಹಿಡಿಸುವುದಿಲ್ಲ" ಎಂದು ಅನಿಸುವುದೂ ಉಂಟು. ಅದು ಸೋಲೇನಲ್ಲ. ಅದು ಕೆಲವೇ ವಾರಗಳಲ್ಲಿ ತಿಳಿದುಹೋಯಿತಲ್ಲ, ವರ್ಷಗಟ್ಟಲೆ ದುಡಿದ ಮೇಲೆ ತಿಳಿಯುವುದಕ್ಕಿಂತ ಎಷ್ಟೋ ವಾಸಿ.

ಹಳೆ ವಿದ್ಯಾರ್ಥಿಗಳ ಬಳಿ ಹೋಗುವ ದಾರಿ

ಹಳೆ ವಿದ್ಯಾರ್ಥಿಗಳ ಸಂಘ ಎಂದರೆ ವರ್ಷಕ್ಕೊಂದು ಸಮಾರಂಭ, ಫೋಟೊ, ಭಾಷಣ ಎಂದುಕೊಂಡವರೇ ಜಾಸ್ತಿ. ಇಂಥ ಸಂಘಗಳಲ್ಲಿ ತೀರ ಹಳೆಯದು ಅಮೆರಿಕದ ವಿಲಿಯಮ್ಸ್ ಕಾಲೇಜಿನದು. 1821ರಲ್ಲಿ ಅಲ್ಲಿನ ಅಧ್ಯಕ್ಷರು ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಆಮ್‌ಹರ್ಸ್ಟ್‌ನಲ್ಲಿ ಹೊಸ ಕಾಲೇಜು ಕಟ್ಟಲು ಹೊರಟುಹೋದರು. ಇದ್ದ ಕಾಲೇಜು ಉಳಿಯುತ್ತದೋ ಇಲ್ಲವೋ ಎಂಬ ಸ್ಥಿತಿ. ಆಗ ಅಲ್ಲಿ ಓದಿ ಹೋದವರೇ ಒಟ್ಟಾಗಿ ಸಂಘ ಕಟ್ಟಿ ಕಾಲೇಜಿನ ಬೆನ್ನಿಗೆ ನಿಂತರು. ತಾವು ಓದಿದ ಜಾಗದ ಮೇಲೆ ಜನರಿಗೆ ಇರುವ ಮಮತೆ ಅಂಥದ್ದು. ಅದೇ ಮಮತೆಯಿಂದಲೇ ಅವರು ನಿಮ್ಮ ಪತ್ರಕ್ಕೂ ಉತ್ತರಿಸುತ್ತಾರೆ. ಕೇಳಲು ಹಿಂಜರಿಯಬೇಡಿ.

ಹೆಚ್ಚು ಪರಿಚಯ ಇಲ್ಲದವರು ಯಾಕೆ ಉಪಯೋಗಕ್ಕೆ ಬರುತ್ತಾರೆ ಎಂದು ಕೇಳಬಹುದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ವಿಚಾರಿಸಿದ್ದಾರೆ. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು "ಸುದ್ದಿ ಕೊಟ್ಟವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ?" ಎಂದು ಅವರು ಕೇಳಿದರು. ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಶೇ. 17ರಷ್ಟು ಮಾತ್ರ. ಅಪರೂಪಕ್ಕೊಮ್ಮೆ, ಅಂದರೆ ವರ್ಷಕ್ಕೆ ಒಂದು ಸಲ ಅಥವಾ ಅದಕ್ಕಿಂತ ಕಡಿಮೆ ಎಂದವರೇ ಶೇ. 28ರಷ್ಟಿದ್ದರು. ಉಳಿದವರದ್ದು ಇವೆರಡರ ನಡುವೆ. ಕಾರಣ ಸರಳ. ನಿಮ್ಮ ಆಪ್ತ ಗೆಳೆಯರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಿಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಜನರ ನಡುವೆ ಓಡಾಡುತ್ತಾರೆ, ಬೇರೆ ಸುದ್ದಿ ತರುತ್ತಾರೆ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಐದು ವರ್ಷ ಗಮನಿಸಿದ ಅಧ್ಯಯನವೊಂದು ಬಂತು. ಅದು ಈ ಮಾತಿಗೆ ಒಂದು ತಿದ್ದುಪಡಿ ಸೇರಿಸಿತು: ಕೆಲಸ ಬದಲಿಸಲು ಹೆಚ್ಚು ನೆರವಾದವರು ತೀರ ಆಪ್ತರೂ ಅಲ್ಲ, ಯಾವ ಕೊಂಡಿಯೂ ಇಲ್ಲದವರೂ ಅಲ್ಲ, ನಡುವಿನವರು. ನಿಮ್ಮದೇ ವಿಭಾಗದಲ್ಲಿ ನಾಲ್ಕೈದು ವರ್ಷ ಮೊದಲು ಓದಿ, ನಿಮ್ಮ ಅಧ್ಯಾಪಕರ ಹತ್ತಿರವೇ ಪ್ರಾಜೆಕ್ಟ್ ಮಾಡಿ ಹೋದ ಸೀನಿಯರ್ ಇದ್ದಾರಲ್ಲ, ಅವರು ಸರಿಯಾಗಿ ಈ ನಡುವಿನ ಜಾಗದಲ್ಲಿದ್ದಾರೆ.

ಅವರನ್ನು ಹುಡುಕಲು ನನಗೆ ಬಹಳ ಇಷ್ಟವಾದ ಜಾಗ ವಿಭಾಗದ ಲೈಬ್ರರಿಯಲ್ಲಿ ಹಳೆ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನು ಇಟ್ಟಿರುವ ಕಪಾಟು. ಅಲ್ಲಿ ಹೆಸರು, ವರ್ಷ, ವಿಷಯ ಎಲ್ಲ ಸಿಗುತ್ತದೆ. ಕೃತಜ್ಞತೆಯ ಪುಟ ತಪ್ಪದೆ ಓದಿ. ಯಾವ ಸಂಸ್ಥೆ ಡೇಟಾ ಕೊಟ್ಟಿತು, ಅಲ್ಲಿ ಯಾರು ನೆರವಾದರು ಎಂಬುದು ಅಲ್ಲೇ ಇರುತ್ತದೆ. ವಿದ್ಯಾರ್ಥಿಗಳನ್ನು ಒಳಗೆ ಬಿಟ್ಟುಕೊಳ್ಳುವ ಸಂಸ್ಥೆಗಳ ಪಟ್ಟಿ ನಿಮಗೆ ಪುಕ್ಕಟೆ ಸಿಕ್ಕಂತಾಯಿತು. ಆಮೇಲೆ ಆ ಹೆಸರುಗಳನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಅಥವಾ ಅಧ್ಯಾಪಕರನ್ನೇ ಕೇಳಿ.

ಈಗ ಸಂದೇಶ ಬರೆಯುವುದು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಕಳಿಸುವುದು ಹೀಗಿರುತ್ತದೆ:

"ಮೇಡಂ, ನಾನು ನಿಮ್ಮ ಕಾಲೇಜಿನ ವಿದ್ಯಾರ್ಥಿನಿ. ನನಗೆ ಕೆಲಸದ ಅಗತ್ಯ ಇದೆ. ನಿಮ್ಮ ಕಂಪನಿಯಲ್ಲಿ ಏನಾದರೂ ಇದ್ದರೆ ದಯವಿಟ್ಟು ರೆಫರ್ ಮಾಡಿ. ರೆಸ್ಯೂಮ್ ಕಳಿಸಿದ್ದೇನೆ."

ಓದುವವರ ಜಾಗದಲ್ಲಿ ನಿಂತು ನೋಡಿ. ಇವರು ಯಾರು, ಏನು ಬಲ್ಲರು, ಯಾವ ಕೆಲಸ ಬೇಕು, ಒಂದೂ ತಿಳಿಯದು. ಗುರುತಿಲ್ಲದವರಿಗೆ ತಮ್ಮ ಹೆಸರು ಪಣಕ್ಕಿಡಲು ಯಾರು ಒಪ್ಪುತ್ತಾರೆ? ಉತ್ತರ ಬಾರದೇ ಹೋದರೆ ಅವರ ತಪ್ಪಲ್ಲ. ಇದನ್ನೇ ಹೀಗೆ ಬರೆಯಬಹುದು:

"ನಮಸ್ಕಾರ ಮೇಡಂ. ನಾನು ರಸಾಯನಶಾಸ್ತ್ರ ವಿಭಾಗದಲ್ಲಿ ಕೊನೆ ವರ್ಷ ಓದುತ್ತಿದ್ದೇನೆ. ಬಾವಿ ನೀರಿನ ನೈಟ್ರೇಟ್ ಬಗ್ಗೆ ನೀವು ಮಾಡಿದ ಪ್ರಾಜೆಕ್ಟ್ ರಿಪೋರ್ಟನ್ನು ವಿಭಾಗದ ಲೈಬ್ರರಿಯಲ್ಲಿ ಓದಿದೆ. ನನ್ನ ಪ್ರಾಜೆಕ್ಟ್ ಕೂಡ ಅದೇ ವಿಷಯದ್ದು. ನೀವು ಈಗ ಗುಣಮಟ್ಟ ಪರೀಕ್ಷೆಯ ಕೆಲಸದಲ್ಲಿದ್ದೀರಿ ಎಂದು ನಮ್ಮ ಗೈಡ್ ಹೇಳಿದರು. ಆ ಕೆಲಸಕ್ಕೆ ಕಾಲೇಜಿನಲ್ಲಿ ಕಲಿಸದ ಯಾವ ವಿಷಯ ಕಲಿಯಬೇಕಾಯಿತು ಎಂದು ತಿಳಿಯುವ ಆಸೆ. ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಲು ಆಗುತ್ತದೆಯೇ? ಬಿಡುವಿಲ್ಲದಿದ್ದರೆ ಎರಡು ಸಾಲು ಬರೆದರೂ ಸಾಕು."

ಇಲ್ಲಿ ಕೆಲಸ ಕೇಳಿಲ್ಲ. ಓದಿದವರಿಗೆ ತಾವು ಹಿಂದೆ ಪಟ್ಟ ಶ್ರಮವನ್ನು ಯಾರೋ ಓದಿದರು ಎಂಬ ಸಂತೋಷ ಆಗುತ್ತದೆ. ಉತ್ತರಿಸುವುದೂ ಸುಲಭ. ಹತ್ತು ಹನ್ನೆರಡು ದಿನ ಕಾದು, ಉತ್ತರ ಬಾರದಿದ್ದರೆ ಇನ್ನೊಂದು ಸಲ ಚಿಕ್ಕದಾಗಿ ನೆನಪಿಸಿ. ಆಮೇಲೂ ಬರದಿದ್ದರೆ ಬೇಸರ ಮಾಡಿಕೊಳ್ಳದೆ ಮುಂದಿನವರಿಗೆ ಬರೆಯಿರಿ.

ಫೋನಿನಲ್ಲಿ ಸಿಕ್ಕಾಗ ನೀವು ಕಡಿಮೆ ಮಾತಾಡಿ. "ನಿಮ್ಮ ಕೆಲಸದ ಒಂದು ಮಾಮೂಲಿ ದಿನ ಹೇಗಿರುತ್ತದೆ? ಹೊಸಬರು ಬಂದಾಗ ಎಲ್ಲಿ ಎಡವುತ್ತಾರೆ? ಈ ವಿಷಯದಲ್ಲಿ ನಾನು ಇನ್ನು ಯಾರೊಂದಿಗೆ ಮಾತಾಡಿದರೆ ಒಳ್ಳೆಯದು?" ಕೊನೆಯ ಪ್ರಶ್ನೆ ಬಿಡಲೇಬೇಡಿ. ಒಬ್ಬರಿಂದ ಇನ್ನೊಬ್ಬರಿಗೆ ದಾರಿ ತೆರೆಯುವುದು ಅದೇ. ಅಂದೇ ಸಂಜೆ ಎರಡು ಸಾಲಿನ ಧನ್ಯವಾದ ಕಳಿಸಿ. ಅವರು ಏನಾದರೂ ಓದಲು, ಕಲಿಯಲು ಹೇಳಿದ್ದರೆ ಅದನ್ನು ಮಾಡಿ, ತಿಂಗಳಾದ ಮೇಲೆ "ನೀವು ಹೇಳಿದ್ದನ್ನು ಮಾಡಿದೆ, ಹೀಗಾಯಿತು" ಎಂದು ತಿಳಿಸಿ. ಬಹಳ ಜನ ಇದೊಂದು ಹೆಜ್ಜೆ ಬಿಟ್ಟುಬಿಡುತ್ತಾರೆ. ಹೇಳಿದ್ದನ್ನು ಮಾಡಿ ಮುಗಿಸಿದವರನ್ನು ಅವರು ಆಗ ಕಣ್ಣಾರೆ ಕಂಡಂತಾಗುತ್ತದೆ. ಜಾಗ ಖಾಲಿಯಾದಾಗ ನೀವು ಕೇಳದೆಯೇ ಅವರಿಂದ ಫೋನ್ ಬರಬಹುದು. ಹಾಗೆ ಬಂದದ್ದನ್ನು ನಾನು ನೋಡಿದ್ದೇನೆ.

ರೆಫರಲ್ ಸಿಕ್ಕಿತು ಎಂದರೆ ಕೆಲಸ ಸಿಕ್ಕಿತು ಎಂದರ್ಥವಲ್ಲ. ನಿಮ್ಮ ಅರ್ಜಿಯನ್ನು ಯಾರಾದರೂ ತೆರೆದು ನೋಡುತ್ತಾರೆ, ಅಷ್ಟೇ. ಸಂದರ್ಶನ ನಿಮ್ಮದೇ. ಸಂದರ್ಶನ ಹೇಗಾಯಿತು ಎಂದು ರೆಫರ್ ಮಾಡಿದವರಿಗೆ ತಿಳಿಸಿ, ಕೆಲಸ ಸಿಗದಿದ್ದರೂ ತಿಳಿಸಿ.

ಶಿಫಾರಸು ಪತ್ರ ಬೇಕಾದಾಗ ಕನಿಷ್ಠ ಮೂರು ವಾರ ಮೊದಲು ಕೇಳಿ. ಕೇಳುವಾಗ ನಿಮ್ಮ ದಿನಚರಿ ಪುಸ್ತಕದಿಂದ ನಾಲ್ಕೈದು ಸಂಗತಿ ಆರಿಸಿ ಒಂದು ಪುಟದಲ್ಲಿ ಬರೆದು ಕೊಡಿ. ಅಧ್ಯಾಪಕರು ನೂರಾರು ವಿದ್ಯಾರ್ಥಿಗಳನ್ನು ನೋಡುತ್ತಾರೆ, ನೆನಪಿಸಬೇಕಾದವರು ನೀವೇ. "ನನಗೆ ಬೆಂಬಲವಾಗಿ ಬರೆಯಲು ನಿಮಗೆ ಸಾಧ್ಯವಾಗುತ್ತದೆಯೇ?" ಎಂದು ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ. ಅವರು ಅನುಮಾನಿಸಿದರೆ ಬೇರೆಯವರನ್ನು ಕೇಳುವುದು ವಾಸಿ.

ಕಾಲೇಜು ಬಿಡುವ ಮುನ್ನ ಒಂದು ಕೆಲಸ ಬಾಕಿ ಇರುತ್ತದೆ. ಬಹಳ ಕಡೆ ವಿಶ್ವವಿದ್ಯಾಲಯದ ಇಮೇಲ್ ಖಾತೆ ಓದು ಮುಗಿದ ಮೇಲೆ ಬಂದ್ ಆಗುತ್ತದೆ. ಅದರಲ್ಲಿದ್ದ ಪ್ರಾಜೆಕ್ಟ್ ಫೈಲ್‌ಗಳು, ಮೇಲ್ವಿಚಾರಕರ ವಿಳಾಸ, ಸೀನಿಯರ್‌ಗಳೊಂದಿಗೆ ನಡೆದ ಪತ್ರ ವ್ಯವಹಾರ ಎಲ್ಲವೂ ಅದರ ಜತೆಗೇ ಹೋಗುತ್ತವೆ. ಕೊನೆಯ ಪರೀಕ್ಷೆಗೆ ಮೊದಲೇ ಅವನ್ನೆಲ್ಲ ನಿಮ್ಮ ಸ್ವಂತ ಖಾತೆಗೆ ನಕಲು ಮಾಡಿಕೊಳ್ಳಿ. ಇಷ್ಟು ದಿನ ನಿಮ್ಮೊಂದಿಗೆ ಮಾತಾಡಿದವರಿಗೆಲ್ಲ ಹೊಸ ವಿಳಾಸದಿಂದ ಒಂದೊಂದು ಸಾಲು ಬರೆಯಿರಿ. ಹಳೆ ವಿದ್ಯಾರ್ಥಿಗಳ ಸಂಘದ ಪಟ್ಟಿಯಲ್ಲೂ ಅದೇ ವಿಳಾಸ ಕೊಡಿ. ನಿಮ್ಮ ಪ್ರಾಜೆಕ್ಟ್ ರಿಪೋರ್ಟ್ ಲೈಬ್ರರಿಯ ಆ ಕಪಾಟಿಗೆ ಹೋಗುವ ಮೊದಲು ಕೃತಜ್ಞತೆಯ ಪುಟದಲ್ಲಿ ನೆರವಾದವರ ಹೆಸರು, ಸಂಸ್ಥೆ, ವಿಭಾಗ ಸರಿಯಾಗಿ ಬಂದಿದೆಯಾ ನೋಡಿ. ಮುಂದಿನ ಬ್ಯಾಚಿನವರು ಅದನ್ನೇ ತೆರೆದು ಹುಡುಕುತ್ತಾರೆ.